ಲೂಟನ್‌ನಲ್ಲಿ ಮಗನ ಕಾರು: ಕೊಂಡದ್ದಲ್ಲ, ಆರು ತಿಂಗಳ ಲೀಸ್

"ಕಾರು ತೆಗೊಂಡೆಯಾ ಮೋನೆ?"

"ತೆಗೊಂಡದ್ದಲ್ಲ ಉಮ್ಮ, ಆರು ತಿಂಗಳಿಗೆ ಲೀಸಿಗೆ."

ನಮ್ಮ ನೆರೆಮನೆಯ ವೀಡಿಯೋ ಕಾಲ್‌ನಲ್ಲಿ ನಡೆದ ಮಾತಿದು. ಲೀಸ್ ಅಂದ ಕೂಡಲೇ ಉಮ್ಮನಿಗೆ ಗಾಬರಿ. ನಮ್ಮಲ್ಲಿ ಮನೆ ಲೀಸಿಗೆ ಅಂದರೆ ಲಕ್ಷಗಟ್ಟಲೆ ಒಟ್ಟಿಗೆ ಕೊಟ್ಟು, ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ವಾಪಸ್ ಪಡೆಯುವುದಲ್ಲವೇ? ಇವನಿಗೆ ಅಷ್ಟು ದುಡ್ಡು ಕೊಟ್ಟದ್ದು ಯಾರು ಎಂಬುದು ಅವರ ಚಿಂತೆ.

ಇಂಗ್ಲೆಂಡಿನ ಕಾರ್ ಲೀಸ್ ಬೇರೆಯೇ. ಅದು ತಿಂಗಳ ಬಾಡಿಗೆ. ಕಾರು ಕಂಪೆನಿಯ ಹೆಸರಿನಲ್ಲೇ ಇರುತ್ತದೆ, ಅವಧಿ ಮುಗಿದ ಮೇಲೆ ಕೀ ವಾಪಸ್. ಮಾಮೂಲಿ ಲೀಸ್ 2ರಿಂದ 4 ವರ್ಷದ್ದು. ಶುರುವಿನಲ್ಲೇ ಹಲವು ತಿಂಗಳ ಬಾಡಿಗೆ ಮುಂಗಡ ಕೊಡಬೇಕು, ನಡುವೆ ಬಿಟ್ಟರೆ ಉಳಿದ ಬಾಡಿಗೆಯ ದೊಡ್ಡ ಪಾಲು ದಂಡವಾಗಿ ಹೋಗುತ್ತದೆ. ಈ ಹುಡುಗ ಓದು ಮುಗಿಸಿ ವಿಮಾನ ನಿಲ್ದಾಣದ ಹತ್ತಿರದ ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ. ಕೆಲಸದ ಕರಾರು ಆರೇ ತಿಂಗಳು, ಶಿಫ್ಟ್ ಬೆಳಗಿನ ಜಾವ 4ಕ್ಕೆ. ವೀಸಾಗೂ ಕೊನೆಯ ದಿನ ಉಂಟು. ಮೂರು ವರ್ಷದ ಕರಾರಿಗೆ ಸಹಿ ಹಾಕಿದರೆ ಸಿಕ್ಕಿಬೀಳುವುದು ಅವನೇ. ಅಲ್ಪಾವಧಿ ಲೀಸ್ 1ರಿಂದ 12 ತಿಂಗಳದ್ದು. ತಿಂಗಳ ಬಾಡಿಗೆ ಜಾಸ್ತಿ, ಕೈ ಕಟ್ಟಿಹಾಕುವುದು ಕಡಿಮೆ.

ವಿಚಿತ್ರ ಏನೆಂದರೆ, ಅವನು ಹೀಗೆ ಬಾಡಿಗೆ ಕಾರು ಓಡಿಸುತ್ತಿರುವುದು ಕಾರು ತಯಾರಿಸಿಯೇ ಬದುಕಿದ ಊರಿನಲ್ಲಿ. ಲಂಡನ್‌ನಿಂದ ಸುಮಾರು 50 ಕಿ.ಮೀ. ದೂರದ ಲೂಟನ್‌ಗೆ ವಾಕ್ಸ್‌ಹಾಲ್ ಕಂಪೆನಿ ಬಂದದ್ದು 1905ರಲ್ಲಿ. 1925ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಅದನ್ನು ಕೊಂಡಿತು. ಬೆಡ್‌ಫೋರ್ಡ್ ಲಾರಿ ಇದೇ ಊರಿನ ಕೂಸು. ನಮ್ಮ ರಸ್ತೆಗಳಲ್ಲಿ ಒಂದು ಕಾಲಕ್ಕೆ ಗತ್ತಿನಿಂದ ಓಡಿದ ಹಿಂದೂಸ್ತಾನ್ ಕಾಂಟೆಸ್ಸಾದ ಮೂಲವೂ ವಾಕ್ಸ್‌ಹಾಲ್‌ನ ವಿಕ್ಟರ್ ಕಾರು. ಕಾಂಟೆಸ್ಸಾದಲ್ಲಿ ಮದುವೆಗೆ ಹೋದ ಹಿರಿಯರು ಅರ್ಧ ಲೂಟನ್ ಕಂಡಂತೆಯೇ!

ಕಾರಿಗಿಂತ ಮೊದಲು ಆ ಊರನ್ನು ಸಾಕಿದ್ದು ಟೋಪಿ. ಹೆಂಗಸರು, ಮಕ್ಕಳು ಮನೆಯಲ್ಲೇ ಕೂತು ಗೋಧಿ ಹುಲ್ಲನ್ನು ಹೆಣೆದು ಪಟ್ಟಿ ಮಾಡಿ ವ್ಯಾಪಾರಿಗೆ ಕೊಡುತ್ತಿದ್ದರು. ಅದರಿಂದ ಹುಲ್ಲಿನ ಟೋಪಿ. ಸೂಪು ಮಡಿಲಲ್ಲಿಟ್ಟು ಬೀಡಿ ಕಟ್ಟಿ ಮನೆ ನಡೆಸಿದ ನಮ್ಮ ಉಮ್ಮಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 19ನೇ ಶತಮಾನದ ಕೊನೆಗೆ ಚೀನಾ, ಜಪಾನಿನಿಂದ ಅಗ್ಗದ ಪಟ್ಟಿ ಬಂದು ಮನೆಗಳ ಹೆಣಿಗೆ ಹೊಡೆತ ತಿಂದಿತು. ಟೋಪಿ ಕೆಲಸವೂ ಸೀಸನ್‌ದು, ಕೆಲವು ತಿಂಗಳು ಕೈತುಂಬ, ಮತ್ತೆ ಖಾಲಿ. ವರ್ಷಪೂರ್ತಿ ಸಂಬಳದ ಧೈರ್ಯ ಕೊಟ್ಟದ್ದು ಕಾರ್ಖಾನೆ. ಎರಡನೇ ಮಹಾಯುದ್ಧದ ನಂತರ ಕಾಶ್ಮೀರ, ಸಿಲ್ಹೆಟ್ ಕಡೆಯ ಜನರೂ ಆ ಊರಿಗೆ ದುಡಿಯಲು ಬಂದರು. ಬರಿ ಪಾರ್ಕ್ ಎಂಬಲ್ಲಿ ಇವತ್ತು ಮಸೀದಿ, ಹಲಾಲ್ ಅಂಗಡಿ ಎಲ್ಲ ಇದೆ.

ಆ ಧೈರ್ಯವೂ ಉಳಿಯಲಿಲ್ಲ. ಲೂಟನ್‌ನಲ್ಲಿ ಕಾರು ತಯಾರಿಕೆ 2002ಕ್ಕೇ ನಿಂತಿತ್ತು. ಉಳಿದಿದ್ದ ವ್ಯಾನ್ ಕಾರ್ಖಾನೆಗೂ 2025ರ ಮಾರ್ಚ್‌ನಲ್ಲಿ ಬೀಗ ಬಿತ್ತು. ಸುಮಾರು 1,100 ಜನರ ಕೆಲಸಕ್ಕೆ ಕುತ್ತು. ಕೆಲಸವೇ ತಿಂಗಳ ಲೆಕ್ಕದ್ದಾದಾಗ ಕಾರೂ ತಿಂಗಳ ಲೆಕ್ಕಕ್ಕೆ ಬಂದರೆ ಆಶ್ಚರ್ಯ ಏನು?

ಇನ್ನು, ಮಕ್ಕಳು ಅಲ್ಲಿರುವ ಮನೆಯವರು ಕೇಳಿಟ್ಟುಕೊಳ್ಳಬೇಕಾದ ಮಾತು. ರಸ್ತೆ ತೆರಿಗೆ, ರಿಪೇರಿ ಹೆಚ್ಚಾಗಿ ಬಾಡಿಗೆಯಲ್ಲೇ ಸೇರಿರುತ್ತದೆ. ಇನ್ಶೂರೆನ್ಸ್ ಎಷ್ಟೋ ಕಡೆ ಸೇರಿರುವುದಿಲ್ಲ, ಹೊಸಬರಿಗೆ ಅದು ದುಬಾರಿ. ಇದರಲ್ಲೇ ದೊಡ್ಡ ಅಪಾಯ ಇರುವುದು: ಬಿಡುವಿನಲ್ಲಿ ಊಟದ ಪಾರ್ಸೆಲ್ ಡೆಲಿವರಿ ಮಾಡುವ ಹುಡುಗರಿದ್ದಾರೆ. ಸಾಮಾನ್ಯ ಪಾಲಿಸಿ ಆ ಕೆಲಸಕ್ಕೆ ಆಗುವುದಿಲ್ಲ. ಪೊಲೀಸರು ಹಿಡಿದರೆ ಇನ್ಶೂರೆನ್ಸ್ ಇಲ್ಲದೆ ಓಡಿಸಿದ ಲೆಕ್ಕ. ಕಾರು ಜಪ್ತಿ ಮಾಡಬಹುದು, ಲೈಸೆನ್ಸ್ ಮೇಲೆ ಕನಿಷ್ಠ 6 ಪಾಯಿಂಟ್. ಅಲ್ಲಿ ಟೆಸ್ಟ್ ಪಾಸಾಗಿ 2 ವರ್ಷ ಆಗದವರಿಗೆ 6 ಪಾಯಿಂಟ್ ಬಿದ್ದರೆ ಲೈಸೆನ್ಸೇ ರದ್ದು.

ನಮ್ಮ ಊರಿನ ಲೈಸೆನ್ಸ್ ಅಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ನಡೆಯುತ್ತದೆ, ಆಮೇಲೆ ಅಲ್ಲಿಯ ಪರೀಕ್ಷೆ ಬರೆಯಲೇಬೇಕು. ಅದಿದ್ದರೂ ಲೀಸ್ ಕೊಡುವ ಹಲವರು ಅಲ್ಲಿಯದೇ ಲೈಸೆನ್ಸ್, ಸಾಲ ತೀರಿಸಿದ ದಾಖಲೆ ಕೇಳುತ್ತಾರೆ.

ಮತ್ತೆ ಮೈಲಿ. ತಿಂಗಳಿಗೆ 1,000 ಮೈಲಿ ಎಂದು ಒಪ್ಪಿ 1,300 ಓಡಿಸಿದರೆ ಮೇಲಿನ 300ಕ್ಕೆ ಮೈಲಿ ಲೆಕ್ಕದಲ್ಲಿ ಹಣ. ಮೈಲಿಗೆ 10 ಪೆನ್ಸ್ ಆದರೂ 30 ಪೌಂಡ್ ಆಯ್ತು. ಕಾರು ಕೈಗೆ ಬಂದ ದಿನವೇ ಸುತ್ತಲೂ ಫೋಟೋ ತೆಗೆದಿಡುವುದು ಒಳ್ಳೆಯದು. ಇಲ್ಲದಿದ್ದರೆ ಮೊದಲೇ ಇದ್ದ ಗೀರಿಗೂ ಬಿಲ್ ಬಂದೀತು.

ಹುಡುಗ ಇದನ್ನೆಲ್ಲ ಅರ್ಧ ಗಂಟೆ ವಿವರಿಸಿದ. ಮುಂಗಡವಾಗಿ ಸ್ವಲ್ಪ ಡೆಪಾಸಿಟ್ ಮಾತ್ರ ಕೊಟ್ಟದ್ದೆಂದೂ ಹೇಳಿದ. ಉಮ್ಮ ಎಲ್ಲ ಕೇಳಿ, "ಆಯ್ತು, ಆ ಡೆಪಾಸಿಟಾದರೂ ವಾಪಸ್ ಕೊಡ್ತಾರಲ್ಲ?" ಎಂದರು.

"ಗೀರು ಬೀಳದಿದ್ರೆ ಕೊಡ್ತಾರೆ ಉಮ್ಮ."

"ಹಾಗಾದ್ರೆ ಮೆಲ್ಲ ಓಡಿಸು."