ಬೈಕಿಗೆ ಸಿಕ್ಕಿಸಿಕೊಳ್ಳುವ ಕೋಟು

ಕೋಟಿಗೊಂದು ಪ್ಲಗ್ ಇರುತ್ತದೆ, ಸವಾರ ಅದನ್ನು ಬೈಕಿಗೆ ಸಿಕ್ಕಿಸಿಕೊಂಡು ಹೊರಡುತ್ತಾನೆ ಎಂದರೆ ನಮ್ಮ ಕಡೆ ನಗುವವರೇ ಹೆಚ್ಚು. ಡಿಸೆಂಬರಿನ ನಸುಕಿನಲ್ಲಿ ಬೆಂಗಳೂರು ಬಿಟ್ಟು ಹಾಸನದ ದಾರಿ ಹಿಡಿದವರಿಗೆ ಒಳಗೊಂದು ಸ್ವೆಟರು, ಮೇಲೊಂದು ಜಾಕೆಟ್ಟು, ಬೆಳ್ಳೂರು ಕ್ರಾಸಿನಲ್ಲಿ ಒಂದು ಲೋಟ ಕಾಫಿ ಇದ್ದರೆ ಚಳಿಯ ಕಥೆ ಅಲ್ಲಿಗೆ ಮುಗಿಯಿತು.

ಅಮೆರಿಕ, ಕೆನಡಾ, ಜರ್ಮನಿಗಳ ದೂರದ ಸವಾರರಿಗೆ ಅಷ್ಟಕ್ಕೇ ಮುಗಿಯುವುದಿಲ್ಲ. ಬವೇರಿಯಾದ ಕಾಡಿನಲ್ಲಿ ನಡೆಯುವ ‘ಎಲೆಫಾಂಟೆನ್‌ಟ್ರೆಫೆನ್’ ಎಂಬ ಬೈಕ್ ಮೇಳವನ್ನು ಬೇಕೆಂದೇ ನಡುಚಳಿಗಾಲದಲ್ಲಿ ಇಡುತ್ತಾರೆ. 1956ರಲ್ಲಿ ಶುರುವಾದ ಈ ಮೇಳಕ್ಕೆ ಬಂದವರು ಹಿಮದ ಮೇಲೆಯೇ ಡೇರೆ ಹಾಕಿ ಮಲಗುತ್ತಾರೆ. ಅಮೆರಿಕದ ಐರನ್ ಬಟ್ ಅಸೋಸಿಯೇಷನ್ನಿನ ‘ಸ್ಯಾಡಲ್‌ಸೋರ್ 1000’ ಪ್ರಮಾಣಪತ್ರ ಬೇಕೆಂದರೆ 24 ಗಂಟೆಯೊಳಗೆ 1,000 ಮೈಲಿ, ಅಂದರೆ 1,600 ಕಿ.ಮೀ. ಓಡಿಸಿ ತೋರಿಸಬೇಕು. ಅಷ್ಟು ದೂರದಲ್ಲಿ ಮರುಭೂಮಿಯ ಮಧ್ಯಾಹ್ನವೂ ಪರ್ವತದ ನಡುರಾತ್ರಿಯೂ ಒಂದೇ ದಿನದಲ್ಲಿ ಎದುರಾಗಬಹುದು. ಇಂಥವರ ನಡುವೆ ಬೆಳೆದ ಕಸುಬು ಇದು: ಬಿಸಿಯಾಗುವ ಉಡುಪನ್ನು ಬೈಕಿನ ವಿದ್ಯುತ್ತಿಗೆ ಜೋಡಿಸುವುದು. ಅಂಗಡಿಯಲ್ಲಿ ಮಾರುವವರು ಕೋಟಿನ ಗುಣಗಾನ ಮಾಡುತ್ತಾರೆ. ಬಲ್ಲವರು ಮಾತ್ರ ಕೋಟು ಬಿಟ್ಟು ಮೊದಲು ವೈರಿಂಗ್ ನೋಡುತ್ತಾರೆ. ಅವರು ಮಾಡುವುದೇ ಸರಿ.

ಚಳಿಯ ಲೆಕ್ಕ ಮೊದಲು. 2001ರಲ್ಲಿ ಅಮೆರಿಕ ಮತ್ತು ಕೆನಡಾದ ಹವಾಮಾನ ಸಂಸ್ಥೆಗಳು ಒಪ್ಪಿಕೊಂಡ ಗಾಳಿಚಳಿಯ ಸೂತ್ರದ ಪ್ರಕಾರ, ಉಷ್ಣಾಂಶ 5 ಡಿಗ್ರಿ ಇದ್ದು ಗಾಳಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಬಡಿದರೆ ಬರಿಯ ಚರ್ಮಕ್ಕೆ ಅದು ಮೈನಸ್ 3ರಷ್ಟು ಕೊರೆಯುತ್ತದೆ. ಉಷ್ಣಾಂಶವೇ ಸೊನ್ನೆಗೆ ಇಳಿದಿದ್ದರೆ ಮೈನಸ್ 10 ದಾಟುತ್ತದೆ. ಎದೆ ತಣ್ಣಗಾಗುತ್ತಿದೆ ಎಂದು ಗೊತ್ತಾದೊಡನೆ ದೇಹ ಕೈಕಾಲುಗಳ ರಕ್ತನಾಳಗಳನ್ನು ಬಿಗಿಮಾಡಿ ರಕ್ತವನ್ನು ಒಳಗೆ ಉಳಿಸಿಕೊಳ್ಳುತ್ತದೆ. ಬೆರಳು ಮರಗಟ್ಟುವುದು ಆಗ. ಬ್ರೇಕ್, ಕ್ಲಚ್ ಎರಡೂ ಬೆರಳಿನ ಕೆಲಸವಾದ್ದರಿಂದ ಇದು ಬರೀ ಸುಖದ ಪ್ರಶ್ನೆಯಲ್ಲ. ಕೈ ತಣ್ಣಗಾಗುತ್ತದೆ ಎಂದು ಬಿಸಿ ಕೈಗವಸನ್ನು ಮಾತ್ರ ಕೊಳ್ಳುವವರಿದ್ದಾರೆ. ಮೊದಲು ಕೊಳ್ಳಬೇಕಾದದ್ದು ಎದೆ ಬೆನ್ನು ಬಿಸಿಯಿಡುವ ಒಳಕೋಟು. ಮುಂಡ ಬೆಚ್ಚಗಿದ್ದರೆ ಬೆರಳಿಗೆ ರಕ್ತ ತಾನಾಗಿ ಬರುತ್ತದೆ.

ಉಡುಪನ್ನು ವಿದ್ಯುತ್ತಿನಿಂದ ಬಿಸಿಮಾಡುವ ಈ ವಿದ್ಯೆ ಕಲಿತದ್ದು ರಸ್ತೆಯಲ್ಲಲ್ಲ, ಆಕಾಶದಲ್ಲಿ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಮೇಲೆ 25,000 ಅಡಿ ಎತ್ತರದಲ್ಲಿ ಹಾರುತ್ತಿದ್ದ ಅಮೆರಿಕದ ಬಿ-17 ಬಾಂಬರ್‌ಗಳಲ್ಲಿ ಪಕ್ಕದ ಬಂದೂಕುದಾರರು ತೆರೆದ ಕಿಟಕಿಯ ಮುಂದೆ ನಿಲ್ಲಬೇಕಿತ್ತು. ಚಳಿ ಮೈನಸ್ 40 ಮುಟ್ಟುತ್ತಿತ್ತು. ಅವರಿಗೆಂದು ಮಾಡಿದ ಎಫ್-1 ಎಂಬ ವಿದ್ಯುತ್ ಉಡುಪಿನಲ್ಲಿ ಕೋಟು, ಕೈಗವಸು, ಬೂಟು ಎಲ್ಲವನ್ನೂ ಸರಣಿಯಲ್ಲಿ ಜೋಡಿಸಿದ್ದರು. ದೀಪಾವಳಿಯ ಹಳೆಯ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಹೋದರೆ ಸಾಲಿಗೆ ಸಾಲೇ ಆರುತ್ತದಲ್ಲ, ಹಾಗೆಯೇ ಒಂದು ಬೂಟಿನ ತಂತಿ ತುಂಡಾದರೆ ಇಡೀ ಉಡುಪು ತಣ್ಣಗಾಗುತ್ತಿತ್ತು. ಮುಂದಿನ ಉಡುಪುಗಳಲ್ಲಿ ಸಮಾನಾಂತರ ಜೋಡಣೆ ತಂದರು. ಇವತ್ತಿನ ಬೈಕ್ ಉಡುಪಿನಲ್ಲೂ ಕೈಗವಸಿನ ತಂತಿ ಕೋಟಿನ ತೋಳಿನೊಳಗೆ ಬೇರೆಯಾಗಿಯೇ ಹರಿಯುತ್ತದೆ. ಒಂದು ಕೈ ಕೆಟ್ಟರೂ ಇನ್ನೊಂದು ಕೈ, ಎದೆ ಬಿಸಿಯಾಗೇ ಇರುತ್ತವೆ.

ಯುದ್ಧ ಮುಗಿದು ಸುಮಾರು 30 ವರ್ಷಗಳ ಮೇಲೆ, 1970ರ ದಶಕದಲ್ಲಿ, ವಾಷಿಂಗ್ಟನ್ ರಾಜ್ಯದಲ್ಲಿ ಯಂತ್ರದ ಕಾರ್ಖಾನೆ ನಡೆಸುತ್ತಿದ್ದ ಗಾರ್ಡನ್ ಗರ್ಬಿಂಗ್, ಬೈಕಿನಲ್ಲಿ ಕೆಲಸಕ್ಕೆ ಬರುತ್ತಿದ್ದ ತನ್ನ ನೌಕರರು ನಡುಗುವುದನ್ನು ಕಂಡು ಬಿಸಿ ಉಡುಪು ತಯಾರಿಸಲು ಹೊರಟ. ಆ ಹೆಸರು ಇಂದಿಗೂ ಈ ವಲಯದಲ್ಲಿ ದೊಡ್ಡದು. ಬಟ್ಟೆಯೊಳಗೆ ಹಿಂದೆ ದಪ್ಪ ತಂತಿ ಇರುತ್ತಿತ್ತು, ಮಡಚಿ ಮಡಚಿ ತುಂಡಾಗುತ್ತಿತ್ತು. ಈಗ ಕೂದಲಿಗಿಂತ ತೆಳುವಾದ ಉಕ್ಕಿನ ಎಳೆಗಳನ್ನು ಹುರಿಮಾಡಿ ಮೇಲೆ ನೀರು ನಿಲ್ಲದ ಲೇಪ ಕೊಡುತ್ತಾರೆ.

ಇನ್ನು ವ್ಯಾಟಿನ ಮಾತು. ಪೂರ್ತಿ ಬಿಸಿಗೆ ಇಟ್ಟರೆ ಇಂಥ ಒಳಕೋಟು 77 ವ್ಯಾಟಿನ ಆಸುಪಾಸು ಎಳೆಯುತ್ತದೆ. ಕೈಗವಸಿನ ಜೋಡಿ 27, ಪ್ಯಾಂಟು 44. ಮೂರೂ ಸೇರಿ 148 ವ್ಯಾಟ್. 12 ವೋಲ್ಟಿನಿಂದ ಭಾಗಿಸಿದರೆ 12 ಆಂಪಿಯರಿಗಿಂತ ಸ್ವಲ್ಪ ಹೆಚ್ಚು. ಇದನ್ನು ಕೊಡುವವರು ಯಾರು? ಬ್ಯಾಟರಿ ಅಲ್ಲ. ಅದು ಬೈಕ್ ಸ್ಟಾರ್ಟ್ ಮಾಡಲು ಇರುವ ಸಣ್ಣ ಡಬ್ಬಿ, ಈ ಹೊರೆ ಹೊರಿಸಿದರೆ ಒಂದು ಗಂಟೆಯನ್ನೂ ತಾಳದು. ಕೊಡಬೇಕಾದದ್ದು ಎಂಜಿನ್ ತಿರುಗಿಸುವ ಆಲ್ಟರ್ನೇಟರ್. ಹೋಂಡಾದ 1,800 ಸಿಸಿಯ ಹಳೆಯ ಗೋಲ್ಡ್ ವಿಂಗ್‌ನಲ್ಲಿ ಅದು 1,100 ವ್ಯಾಟ್ ಹುಟ್ಟಿಸುತ್ತಿತ್ತು, ಬಿಎಂಡಬ್ಲ್ಯು ಆರ್ 1200 ಜಿಎಸ್‌ನ ಕೆಲವು ಮಾದರಿಗಳಲ್ಲಿ 720. ಗಂಡ ಹೆಂಡತಿ ಇಬ್ಬರೂ ತಲೆಯಿಂದ ಕಾಲಿನವರೆಗೆ ಬಿಸಿ ಉಡುಪು ಹಾಕಿಕೊಂಡರೂ ಗೋಲ್ಡ್ ವಿಂಗ್‌ಗೆ ಅದೊಂದು ಲೆಕ್ಕವೇ ಅಲ್ಲ.

ಒಂದೇ ಸಿಲಿಂಡರಿನ ಬೈಕುಗಳ ಪಾಡು ಬೇರೆ. ಅವುಗಳಲ್ಲಿ ಸಾಮಾನ್ಯವಾಗಿ ಇರುವುದು 200ರಿಂದ 300 ವ್ಯಾಟ್, ಅದೂ ಎಂಜಿನ್ ಚೆನ್ನಾಗಿ ತಿರುಗುವಾಗ. ಅದರಲ್ಲಿ ಹೆಡ್‌ಲೈಟ್, ಪೆಟ್ರೋಲ್ ಪಂಪು, ಇಗ್ನಿಷನ್ ಸೇರಿ ಬೈಕಿನ ಸ್ವಂತ ಖರ್ಚೇ 150ರ ಹತ್ತಿರ ಹೋಗುತ್ತದೆ. ಹೆಡ್‌ಲೈಟ್ ಆರಿಸಿ ಉಳಿಸೋಣವೆಂದರೆ 2017ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ತಯಾರಾಗುವ ದ್ವಿಚಕ್ರ ವಾಹನಗಳಿಗೆ ಆರಿಸುವ ಸ್ವಿಚ್ಚೇ ಇಲ್ಲ. ಹಾಗಾಗಿ ಇಂಥ ಬೈಕಿನಲ್ಲಿ ಕೋಟು ಮತ್ತು ಕೈಗವಸು ಸಾಕು, ಪ್ಯಾಂಟಿನ ಆಸೆ ಬಿಡಬೇಕು. ಅದರ ಮೇಲೆ ಎರಡು ಫಾಗ್ ಲೈಟ್, ಫೋನ್ ಚಾರ್ಜರ್ ಹೇರಿದರೆ ಟ್ರಾಫಿಕ್ಕಿನಲ್ಲಿ ನಿಂತಾಗ ಬ್ಯಾಟರಿ ಇಳಿಯತೊಡಗುತ್ತದೆ.

ಇಲ್ಲೊಂದು ಸೊಗಸಾದ ಸಂಗತಿಯಿದೆ. ಬಹಳ ಬೈಕುಗಳ ಆಲ್ಟರ್ನೇಟರಿನಲ್ಲಿ ಇರುವುದು ಶಾಶ್ವತ ಅಯಸ್ಕಾಂತ. ಅದಕ್ಕೆ ಕಡಿಮೆ ಹುಟ್ಟಿಸು ಎಂದು ಹೇಳುವಂತಿಲ್ಲ. ಬೇಡದೆ ಉಳಿದ ಕರೆಂಟನ್ನು ಶಂಟ್ ರೆಗ್ಯುಲೇಟರ್ ತಿರುಗಿಸಿ ಕಳಿಸಿ ಶಾಖವಾಗಿ ಚೆಲ್ಲುತ್ತದೆ. ರೆಗ್ಯುಲೇಟರ್ ಮುಟ್ಟಿದರೆ ಕೈ ಸುಡುವುದು ಅದಕ್ಕೇ. ಬಿಸಿ ಕೋಟು ಹಾಕಿಕೊಂಡವರು ಗಾಳಿಪಾಲಾಗುತ್ತಿದ್ದ ಆ ಶಾಖವನ್ನು ತಮ್ಮ ಬೆನ್ನಿಗೆ ತಂದುಕೊಳ್ಳುತ್ತಾರೆ, ಅಷ್ಟೇ.

ಲೆಕ್ಕ ಕೂಡಿಬಂದ ಮೇಲೆ ವೈರು. ಬೈಕಿನಲ್ಲಿ ಕಂಪನಿಯವರೇ ಕೊಟ್ಟ ಸಾಕೆಟ್ ಇದೆಯಲ್ಲ ಎಂದು ಅದಕ್ಕೇ ಕೋಟು ಸಿಕ್ಕಿಸುವುದು ಸುಲಭದ ದಾರಿ, ಆದರೆ ಬಹುಮಟ್ಟಿಗೆ ತಪ್ಪು ದಾರಿ. ಫೋನಿಗೆಂದು ಇಟ್ಟ ಆ ಸಾಕೆಟ್ಟಿನ ತಂತಿ ಸಣ್ಣದು. ಕಂಪ್ಯೂಟರ್ ಹಿಡಿತದ ಕೆಲವು ಬೈಕುಗಳು ಮಿತಿ ಮೀರಿದ ಕೂಡಲೇ ಅದನ್ನು ಬಂದ್ ಮಾಡುತ್ತವೆ. ಬ್ಯಾಟರಿಯಿಂದಲೇ ನೇರವಾಗಿ ಹೊಸ ತಂತಿ ಎಳೆಯಬೇಕು, ದಪ್ಪದ್ದನ್ನೇ ಎಳೆಯಬೇಕು. ಹೋಗಿ ಬರುವ ದಾರಿ ಸೇರಿ 3 ಮೀಟರ್ ಎಂದಿಟ್ಟುಕೊಳ್ಳಿ. 0.75 ಚದರ ಮಿ.ಮೀ.ನ ತೆಳು ವೈರಿನಲ್ಲಿ 12 ಆಂಪಿಯರ್ ಹರಿದರೆ 0.8 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಬಿಸಿ ವೋಲ್ಟಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಕೋಟಿಗೆ ಸಿಗುವ ಶಾಖದಲ್ಲಿ ಶೇ 12ರಷ್ಟು ಖೋತಾ. ಕಳೆದ 10 ವ್ಯಾಟ್ ವೈರನ್ನು ಕಾಯಿಸುತ್ತದೆ. 2.5 ಚದರ ಮಿ.ಮೀ. ವೈರಾದರೆ ನಷ್ಟ ಕಾಲು ವೋಲ್ಟ್ ಮಾತ್ರ.

ಫ್ಯೂಸ್ ಬ್ಯಾಟರಿಯ ಪ್ಲಸ್‌ಗೆ ಆದಷ್ಟೂ ಹತ್ತಿರ ಇರಬೇಕು, ಗೇಣು ದೂರ ಮೀರಬಾರದು. ಅದು ಕಾಯುವುದು ಕೋಟನ್ನಲ್ಲ, ವೈರನ್ನು. ಸೀಟಿನ ಕಬ್ಬಿಣಕ್ಕೆ ಉಜ್ಜಿ ವೈರಿನ ಚರ್ಮ ಸುಲಿದು ಶಾರ್ಟ್ ಆದರೆ, ಫ್ಯೂಸಿನ ಹಿಂದಿರುವ ತುಂಡನ್ನು ಕಾಯುವವರು ಯಾರೂ ಇಲ್ಲ. ಕೋಟು, ಕೈಗವಸಿಗೆ 10 ಆಂಪಿಯರ್ ಸಾಕು, ಪ್ಯಾಂಟೂ ಸೇರಿದರೆ 15. ಪದೇಪದೇ ಹಾರುತ್ತದೆ ಎಂದು 30ರದ್ದನ್ನು ಚುಚ್ಚುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿದೆ. ಬೆಂಕಿಗೆ ಅದು ನೇರ ಆಹ್ವಾನ.

ನಡುವೆ ಒಂದು ರಿಲೇ ಇಡಬೇಕೇ ಬೇಡವೇ ಎಂಬುದು ಸವಾರರಲ್ಲಿ ಮುಗಿಯದ ಜಗಳ. ಆಟೊ ಎಲೆಕ್ಟ್ರಿಷಿಯನ್ನರಿಗೆ 30, 85, 86, 87 ಎಂದರೆ ಮಗ್ಗಿಯಷ್ಟೇ ಬಾಯಿಪಾಠ: 30ಕ್ಕೆ ಬ್ಯಾಟರಿ, 87ಕ್ಕೆ ಕೋಟು, 85 ಮತ್ತು 86ರಲ್ಲಿ ಒಂದಕ್ಕೆ ಕೀ ತಿರುಗಿಸಿದಾಗ ಕರೆಂಟ್ ಬರುವ ತಂತಿ, ಇನ್ನೊಂದಕ್ಕೆ ಅರ್ತ್. ಕೀ ತೆಗೆದರೆ ಕೋಟೂ ಬಂದ್. ಬೈಕಿನಿಂದ ಇಳಿದವರು ಹೇಗೂ ಪ್ಲಗ್ ಕೀಳಲೇಬೇಕು, ರಿಲೇ ಯಾಕೆ ಎನ್ನುವವರ ವಾದದಲ್ಲೂ ಹುರುಳಿದೆ. ಕೋಟೊಂದೇ ಆದರೆ ರಿಲೇ ಬೇಡ, ಹಿಡಿಕೆ ಬಿಸಿ ಮಾಡುವ ಗ್ರಿಪ್ ಕೂಡ ಹಾಕಿಸಿದ್ದರೆ ಬೇಕು ಎಂಬುದು ನನ್ನ ಮತ. ಗ್ರಿಪ್‌ಗೆ ಕೀಳುವ ಪ್ಲಗ್ ಇರುವುದಿಲ್ಲ, ರಾತ್ರಿಯಿಡೀ ಬಿಸಿಯಾಗುತ್ತ ಕೂತರೆ ಬೆಳಗ್ಗೆ ಬ್ಯಾಟರಿ ಸತ್ತಿರುತ್ತದೆ.

ಕೈಚಳಕ ಕಾಣುವುದು ಕೂಡಿಸುವ ಜಾಗಗಳಲ್ಲಿ. ಬೆಸುಗೆ ಹಾಕಿದ ಜೋಡಣೆಯೇ ಗಟ್ಟಿ ಎಂಬ ನಂಬಿಕೆ ರೇಡಿಯೊ ರಿಪೇರಿಯ ಮೇಜಿಗೆ ಸರಿ, ಸದಾ ಅದುರುವ ಬೈಕಿಗೆ ಅಷ್ಟು ಸರಿಯಲ್ಲ. ಕರಗಿದ ಸೀಸ ಎಳೆಗಳ ನಡುವೆ ಹತ್ತಿ ವೈರನ್ನು ಕಡ್ಡಿಯಂತೆ ಸೆಟೆಸುತ್ತದೆ. ಆ ಕಡ್ಡಿ ಮುಗಿಯುವಲ್ಲೇ ಅದು ಮುರಿಯುತ್ತದೆ. ಸರಿಯಾದ ಇಕ್ಕಳದಲ್ಲಿ ಒತ್ತಿ ಕೂಡಿಸಿದ ಲಗ್, ಅದರ ಮೇಲೆ ಕಾಯಿಸಿ ಕುಗ್ಗಿಸಿದ ಸ್ಲೀವ್ ಹೆಚ್ಚು ಬಾಳುತ್ತದೆ. ಹ್ಯಾಂಡಲ್ ಕಡೆ ಹೋಗುವ ವೈರಿಗೆ ಎರಡೂ ಬದಿ ಪೂರ್ತಿ ತಿರುಗಿದರೂ ಬಿಗಿಯದಷ್ಟು ಸಡಿಲ ಬಿಡಬೇಕು, ಸೈಲೆನ್ಸರಿನಿಂದ ದೂರ ಇಡಬೇಕು. ‘ಲೂಸ್ ಕಾಂಟ್ಯಾಕ್ಟ್’ ಎಂದು ನಾವು ಕೈತೊಳೆದುಕೊಳ್ಳುವ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇಂಥಲ್ಲಿ ತೋರಿದ ಆತುರದಿಂದ.

ಸಾಕೆಟ್ ಸೀಟಿನ ಎಡಬದಿ, ತೊಡೆಯ ಪಕ್ಕಕ್ಕೆ ಬರಬೇಕು. ಬಲಗೈ ಆಕ್ಸಿಲರೇಟರ್ ಬಿಡುವಂತಿಲ್ಲ, ಪ್ಲಗ್ ಹುಡುಕುವುದೂ ಬಿಸಿ ಏರಿಸಿ ಇಳಿಸುವುದೂ ಎಡಗೈಯ ಪಾಲು. ಕಾರಿನ ಸಿಗರೇಟ್ ಲೈಟರ್ ಸಾಕೆಟ್ ಬೈಕಿನ ಅದುರಿಗೆ ಜಾರುತ್ತದೆ. ಬಿಎಂಡಬ್ಲ್ಯು ಬೈಕುಗಳಲ್ಲಿ ಕಾಣುವ ಸಣ್ಣ ಬಾಯಿಯ ಹೆಲ್ಲಾ ಸಾಕೆಟ್ ಹಿಡಿದು ಕೂರುತ್ತದೆ. ಹಾಗೆಂದು ಪ್ಲಗ್ ಬಿಗಿದು ಲಾಕ್ ಆಗಲೂಬಾರದು. ಸವಾರ ಬಿದ್ದರೆ, ಇಲ್ಲವೇ ಮರೆತು ಇಳಿದು ನಡೆದರೆ ಎಳೆದ ಕೂಡಲೇ ಅದು ಕಳಚಿಕೊಳ್ಳಬೇಕು. ಬಿಸಿಯ ಏರಿಳಿತಕ್ಕೆ ಇರುವ ಗುಂಡಿ ಕರೆಂಟನ್ನು ಸೆಕೆಂಡಿಗೆ ಹಲವು ಸಲ ಕೊಟ್ಟು ನಿಲ್ಲಿಸಿ ಕೆಲಸ ಮಾಡುತ್ತದೆ. ಅದನ್ನು ದಪ್ಪ ಕೈಗವಸಿನಲ್ಲೂ ಕಣ್ಣು ರಸ್ತೆ ಬಿಡದೆ ತಿರುಗಿಸುವಂತೆ ಟ್ಯಾಂಕಿನ ಬದಿಗೆ ಕೂರಿಸುತ್ತಾರೆ. ಕೋಟಿಗೊಂದು, ಕೈಗವಸಿಗೊಂದು ಬೇರೆ ಗುಂಡಿ ಇದ್ದರೆ ಒಳ್ಳೆಯದು.

ಕೆಲಸ ಮುಗಿದ ಮೇಲೆ ಮೀಟರ್ ಹಿಡಿದು ನೋಡದೆ ಬಿಲ್ ಕೊಡಬೇಡಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಇರಬೇಕು. ಕೋಟು ಪೂರ್ತಿ ಬಿಸಿಗೆ ಇಟ್ಟಾಗ ಅದು 12.8ರ ಕೆಳಗೆ ಇಳಿದರೆ ಬೈಕು ಸಾಲ ಮಾಡಿ ಓಡುತ್ತಿದೆ ಎಂದರ್ಥ. ಮೈಗೂ ಒಂದು ಎಚ್ಚರ ಬೇಕು. 44 ಡಿಗ್ರಿಯ ವಸ್ತು 6 ಗಂಟೆ ಚರ್ಮಕ್ಕೆ ಅಂಟಿಕೊಂಡಿದ್ದರೆ ಸುಟ್ಟ ಗಾಯವಾಗುತ್ತದೆ ಎಂಬುದು 1947ರಲ್ಲೇ ದಾಖಲಾದ ಸಂಗತಿ. ಬರಿಮೈ ಮೇಲೆ ತೊಡದೆ ಒಳಗೊಂದು ತೆಳು ಬನಿಯನ್ ಇರಲಿ. ಸಕ್ಕರೆ ಕಾಯಿಲೆಯಿಂದ ಕೈಕಾಲಿನ ಸ್ಪರ್ಶ ಮಂದವಾದವರು ಬಿಸಿ ಕೈಗವಸಿನ ವಿಚಾರದಲ್ಲಿ ವೈದ್ಯರನ್ನು ಕೇಳುವುದು ಲೇಸು.

ನಮ್ಮವರಿಗೆ ಇದು ನಿಜವಾಗಿ ಬೇಕಾಗುವುದು ಚಳಿಗಾಲದ ಸ್ಪಿತಿಗೆ, ಲಡಾಖಿಗೆ, ಇಲ್ಲವೇ ಕೆಲಸದ ಮೇಲೆ ಕೆನಡಾ, ಜರ್ಮನಿಗೆ ಹೋಗಿ ನೆಲೆಸಿ ಬೈಕು ಬಿಡದವರಿಗೆ. ಊರಿನಿಂದಲೇ ಸ್ವಂತ ಬೈಕಿನಲ್ಲಿ ಹೊರಡುವವರಿಗೆ ಬೇಕಾದ ವೈರು, ರಿಲೇ, ಫ್ಯೂಸ್ ಹೋಲ್ಡರ್ ಎಲ್ಲವೂ ಬೆಂಗಳೂರಿನ ಜೆ.ಸಿ. ರಸ್ತೆ, ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ. ಕೋಟಿನ ಬೆಲೆಯ ಮುಂದೆ ಅದರ ಖರ್ಚು ಏನೂ ಅಲ್ಲ. ವಿಮಾನದಲ್ಲಿ ಲೇಹ್‌ಗೆ ಇಳಿದು ಅಲ್ಲಿ ಬೈಕು ಬಾಡಿಗೆ ಹಿಡಿಯುವವರು ಮಾತ್ರ ಆ ಬೈಕಿನ ವೈರಿಂಗಿಗೆ ಕೈ ಹಾಕುವುದು ಬೇಡ. ಅವರಿಗೆ ತನ್ನದೇ 7.4 ವೋಲ್ಟಿನ ಬ್ಯಾಟರಿ ಇರುವ ಕೈಗವಸು ಸಾಕು. ಅದರ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ, ಜೊತೆಗಿರುವ ಕೈಚೀಲದಲ್ಲೇ ಒಯ್ಯಬೇಕು.