ಬಿಡದಿಯ ದಾರಿಯಲ್ಲಿ ಕಾರು ಕುದಿಯುವುದೇಕೆ?

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ನಡುಮಧ್ಯಾಹ್ನದ ಬಿಸಿಲಿನಲ್ಲಿಯೂ ಬಾಡಿಗೆ ಕಾರೊಂದು ನಿಶ್ಚಿಂತೆಯಿಂದ ಓಡಿ ಬರುತ್ತಿದೆ ಎಂದಿಟ್ಟುಕೊಳ್ಳಿ. ಉಷ್ಣಮಾಪಕದ ಮುಳ್ಳು ನಡುಮಧ್ಯದಲ್ಲಿ ಅಲುಗದೆ ನಿಂತಿದೆ. ತಟ್ಟೆ ಇಡ್ಲಿಯ ಆಸೆಗೆ ಕಾರು ಹೆದ್ದಾರಿಯನ್ನು ಬಿಟ್ಟು ಬಿಡದಿಯ ಪೇಟೆಯೊಳಕ್ಕೆ ತಿರುಗುತ್ತದೆ. ಪಾಳಿ ಮುಗಿದ ಕಾರ್ಮಿಕರನ್ನು ಹೊತ್ತ ಬಸ್ಸುಗಳ ಸಾಲಿನ ಹಿಂದೆ ಹತ್ತು ನಿಮಿಷ ನಿಂತಿತೋ ಇಲ್ಲವೋ, ಮುಳ್ಳು ಕೆಂಪು ಗೆರೆಯತ್ತ ಏರತೊಡಗುತ್ತದೆ. ಮುಂಭಾಗದ ಮುಚ್ಚಳದ ಅಂಚಿನಿಂದ ಹಬೆ ಹೊರಡುತ್ತದೆ. ಚಾಲಕನ ಎದೆ ಝಲ್ಲೆನ್ನುತ್ತದೆ.

ಆ ಅಂಜಿಕೆ ಅಕಾರಣವಾದುದಲ್ಲ. ಕಾರಿನ ಸಾಲದ ಕಂತು ಇನ್ನೂ ತೀರಿರುವುದಿಲ್ಲ. ಇಂದಿನ ಇಂಜಿನ್ನುಗಳ ಹೆಡ್ಡು ಬಹುತೇಕ ಅಲ್ಯೂಮಿನಿಯಮ್ಮಿನದು. ಅತಿಯಾಗಿ ಕಾದರೆ ಅದು ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ, ನೀರು ಎಣ್ಣೆಯೊಡನೆ ಬೆರೆಯುತ್ತದೆ. ಅಲ್ಲಿಗೆ ದುಡಿಯುವ ಗಾಡಿ ದಿನಗಟ್ಟಲೆ ಗ್ಯಾರೇಜಿನಲ್ಲಿ ಮಲಗಿದಂತೆಯೇ. ಇಷ್ಟು ದೊಡ್ಡ ಅನರ್ಥದ ಮೂಲದಲ್ಲಿರುವುದು ಎಷ್ಟೋ ಸಲ ಒಂದು ಸುಟ್ಟ ಫ್ಯೂಸು, ಇಲ್ಲವೆ ಕಿಲುಬು ಹಿಡಿದ ಒಂದು ಬೋಲ್ಟು.

ಓಡುವಾಗ ತಂಪು, ನಿಂತಾಗ ಕಾವು: ರೋಗಲಕ್ಷಣ ಇಷ್ಟು ಸ್ಪಷ್ಟವಾಗಿದ್ದರೆ ಮೊದಲ ಸಂಶಯ ರೇಡಿಯೇಟರಿನ ಹಿಂದಿರುವ ಫ್ಯಾನಿನ ಮೇಲೆ. ವೇಗವಾಗಿ ಓಡುವ ಕಾರಿಗೆ ಎದುರುಗಾಳಿಯೇ ಬೀಸಣಿಗೆ. ನಿಂತ ಕಾರಿಗೆ ಫ್ಯಾನೊಂದೇ ಗತಿ. ಓಡುವಾಗಲೂ ಕಾಯುವ ಕಾರಿನ ಕಥೆ ಬೇರೆ. ಅಲ್ಲಿ ನೀರಿನ ಕೊರತೆ, ಥರ್ಮೋಸ್ಟಾಟು, ಕಟ್ಟಿಕೊಂಡ ರೇಡಿಯೇಟರು ಇವನ್ನು ನೋಡಬೇಕು.

ಈ ಫ್ಯಾನಿನ ಚರಿತ್ರೆಯನ್ನು ಬಿಡದಿಯಲ್ಲಿಯೇ ಓದಬಹುದು. 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆ ಇಲ್ಲಿನ ಕಾರ್ಖಾನೆಯಲ್ಲಿ 1999ರ ಡಿಸೆಂಬರಿನಲ್ಲಿ ಕ್ವಾಲಿಸ್ ವಾಹನದ ತಯಾರಿಕೆಗೆ ತೊಡಗಿತು. ಕ್ವಾಲಿಸ್ಸಿನ ಇಂಜಿನ್ನು ಗಾಡಿಯ ಉದ್ದಕ್ಕೆ ಕುಳಿತಿತ್ತು. ಫ್ಯಾನನ್ನು ಇಂಜಿನ್ನೇ ತಿರುಗಿಸುತ್ತಿತ್ತು. ಮುಂದೆ 2003ರಲ್ಲಿ ಬಂದ ಕೊರೊಲ್ಲಾ, 2010ರಲ್ಲಿ ಬಂದ ಇಟಿಯೋಸ್ ಕಾರುಗಳಲ್ಲಿ ಇಂಜಿನ್ನು ಅಡ್ಡಲಾಗಿ ಕುಳಿತಿತು. ಇಂಜಿನ್ನಿನ ಮೂತಿ ಪಕ್ಕಕ್ಕೆ ತಿರುಗಿದ ಮೇಲೆ ಎದುರಿನ ರೇಡಿಯೇಟರಿಗೆ ನೇರವಾಗಿ ಗಾಳಿ ಬೀಸುವ ಬಗೆ ಎಂತು? ಅದಕ್ಕೆಂದೇ ಫ್ಯಾನಿಗೆ ಪ್ರತ್ಯೇಕವಾದ ವಿದ್ಯುತ್ ಮೋಟಾರು. ಬೆಲ್ಟಿನ ಕಾಲದಲ್ಲಿ ಕಣ್ಣಿಗೆ ಕಾಣುತ್ತಿದ್ದ ದೋಷ ಇಂದು ವೈರಿನೊಳಗೆ ಅಡಗಿ ಕುಳಿತಿದೆ.

ವಿದ್ಯುತ್ತಿನ ದಾರಿಯನ್ನೊಮ್ಮೆ ಮನಸ್ಸಿನಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಬ್ಯಾಟರಿಯಿಂದ ಫ್ಯೂಸಿಗೆ, ಅಲ್ಲಿಂದ ರಿಲೇಗೆ, ರಿಲೇಯಿಂದ ಮೋಟಾರಿಗೆ, ಮೋಟಾರಿನಿಂದ ಅರ್ತ್ ವೈರಿನ ಮೂಲಕ ಗಾಡಿಯ ಮೈಗೆ. ಇದು ಹೆದ್ದಾರಿ. ಇನ್ನೊಂದು ಕಾಲುದಾರಿಯುಂಟು: ನೀರಿನ ಕಾವನ್ನು ಅರಿಯುವ ಸೆನ್ಸಾರು ಗಾಡಿಯ ಕಂಪ್ಯೂಟರಿಗೆ ಸುದ್ದಿ ಕಳುಹಿಸುತ್ತದೆ, ಕಾವು 95 ಡಿಗ್ರಿಯ ಆಸುಪಾಸಿಗೆ ಬಂದಾಗ ಕಂಪ್ಯೂಟರು ರಿಲೇಯನ್ನು ಎಬ್ಬಿಸುತ್ತದೆ.

ಕೆಲಸಕ್ಕೆ ಕೈಹಾಕುವ ಮುನ್ನ ಇಂಜಿನ್ನು ಆರಲಿ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ. ಬಿಸಿಯಾಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದರೆ ಅದು ಒಮ್ಮೆಲೇ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಕೆಲವು ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ಫ್ಯಾನು ಥಟ್ಟನೆ ತಿರುಗುವುದುಂಟು. ಬೆರಳುಗಳನ್ನು ದೂರವಿಡಬೇಕು.

ಮೊದಲು ನೀರು. ನೀರಿಳಿದು ಸೆನ್ಸಾರಿನ ತುದಿ ಬರಿದಾದರೆ ಅದಕ್ಕೆ ನಿಜವಾದ ಕಾವು ತಿಳಿಯದು. ಇಂಜಿನ್ನು ಬೇಯುತ್ತಿದ್ದರೂ ಫ್ಯಾನು ಸುಮ್ಮನಿರಬಹುದು. ಕೊಳವೆಬಾವಿಯ ಗಡಸು ನೀರನ್ನು ತುಂಬಿ ರೇಡಿಯೇಟರಿನೊಳಗೆ ಸುಣ್ಣ ಕಟ್ಟಿಸುವ ಅಭ್ಯಾಸ ನಮ್ಮ ದಾರಿಗಳಲ್ಲಿ ಇನ್ನೂ ಹೋಗಿಲ್ಲ. ತಯಾರಕರು ಹೇಳಿದ ಕೂಲೆಂಟನ್ನೇ ಹಾಕುವುದು ಲೇಸು.

ಇನ್ನು ಏಸಿಯನ್ನು ಹಾಕಿ ನೋಡಬೇಕು. ಹೆಚ್ಚಿನ ಕಾರುಗಳಲ್ಲಿ ಆಗ ಫ್ಯಾನು ತಿರುಗಲೇಬೇಕು. ತಿರುಗಿತೆಂದರೆ ಮೋಟಾರು, ಅರ್ತ್ ಎರಡೂ ಸರಿಯಿರುವ ಸಂಭವವೇ ಹೆಚ್ಚು; ಸಂಶಯ ಸೆನ್ಸಾರಿನ ಕಡೆಗೆ ಸರಿಯುತ್ತದೆ. ಸೆನ್ಸಾರಿನ ಪ್ಲಗ್ಗನ್ನು ಕಳಚಿದರೆ ಅನೇಕ ಕಾರುಗಳ ಕಂಪ್ಯೂಟರು ಸುದ್ದಿ ಕಾಣದೆ, ಮುನ್ನೆಚ್ಚರಿಕೆಗಾಗಿ ಫ್ಯಾನನ್ನು ಓಡಿಸಿಬಿಡುತ್ತದೆ. ಹಾಗಾದಲ್ಲಿ ಹೆದ್ದಾರಿ ನಿರ್ದೋಷಿ.

ಫ್ಯಾನು ಜಪ್ಪಯ್ಯ ಎಂದರೂ ಅಲುಗದಿದ್ದರೆ? ಮೋಟಾರಿನ ಪ್ಲಗ್ಗು ಕಳಚಿ, ಫ್ಯೂಸು ಹಾಕಿದ ವೈರಿನಿಂದ ಬ್ಯಾಟರಿಯ ಪ್ರವಾಹವನ್ನು ನೇರವಾಗಿ ಕೊಡಬೇಕು. ಆಗಲೂ ತಿರುಗದಿದ್ದರೆ, ಇಲ್ಲವೆ ಮರದ ಹಿಡಿಯಿಂದ ಮೆಲ್ಲನೆ ತಟ್ಟಿದಾಗ ಮಾತ್ರ ತಿರುಗಿದರೆ, ಒಳಗಿನ ಕಾರ್ಬನ್ ಬ್ರಷ್ಷುಗಳು ಸವೆದಿವೆ ಎಂದು ಊಹಿಸಬಹುದು. ಸರಾಗವಾಗಿ ತಿರುಗಿತೋ, ತಪ್ಪು ದಾರಿಯಲ್ಲಿದೆ. ಫ್ಯೂಸು ನೋಡಬೇಕು. ಹೊಸ ಫ್ಯೂಸೂ ಸುಟ್ಟರೆ ಎಲ್ಲಿಯೋ ಶಾರ್ಟ್ ಆಗಿದೆ, ಅಥವಾ ಮೋಟಾರು ಬಿಗಿದಿದೆ. ಅಲ್ಲಿ ತಂತಿ ಸುತ್ತಿ ಕೆಲಸ ಸಾಗಿಸುವುದು ಗಾಡಿಗೆ ಬೆಂಕಿಯಿಟ್ಟ ಹಾಗೆ. ರಿಲೇಯ ವಿಷಯದಲ್ಲಿ ‘ಟಿಕ್’ ಸದ್ದನ್ನು ನಂಬಿ ಮೋಸಹೋದವರು ಬಹಳ. ಆ ಸದ್ದು ಒಳಗಿನ ಸುರುಳಿಯದು. ಪ್ರವಾಹವನ್ನು ದಾಟಿಸುವ ಬಿಲ್ಲೆಗಳು ಸುಟ್ಟು ಕಪ್ಪಾಗಿದ್ದರೂ ಸದ್ದು ಬರುತ್ತದೆ. ಅದೇ ಪೆಟ್ಟಿಗೆಯಲ್ಲಿ ಅದೇ ನಮೂನೆಯ ಬೇರೆ ರಿಲೇ ಇದ್ದರೆ ಅದಲುಬದಲು ಮಾಡಿ ನೋಡುವುದೇ ಸುಲಭ.

ಎಲ್ಲಕ್ಕಿಂತ ಹೆಚ್ಚಾಗಿ ಸತಾಯಿಸುವುದು ಅರ್ತ್. ಮೋಟಾರಿನ ಪ್ಲಗ್ಗಿಗೆ ಟೆಸ್ಟ್ ಲ್ಯಾಂಪ್ ಹಿಡಿದರೆ ಪ್ರಖರವಾಗಿ ಉರಿಯುತ್ತದೆ. ಫ್ಯಾನು ಮಾತ್ರ ತಿರುಗುವುದಿಲ್ಲ. ಮಾಯೆಯೇನೂ ಇಲ್ಲ. 5 ವ್ಯಾಟಿನ ದೀಪಕ್ಕೆ ಬೇಕಾದ ಪ್ರವಾಹ ಅರ್ಧ ಆಂಪಿಯರಿಗೂ ಕಡಿಮೆ. ಕಿಲುಬಿನ ನಡುವೆ ಅಷ್ಟು ನುಸುಳಿ ಬಂದೀತು. ಮೋಟಾರು ಕೇಳುವುದು ಹತ್ತು ಹದಿನೈದು ಆಂಪಿಯರು. ಬೋಲ್ಟಿನ ಬುಡದಲ್ಲಿ ಒಂದು ಓಮಿಗೂ ಕಡಿಮೆಯ ಅಡಚಣೆಯಿದ್ದರೂ ಸಾಕು, 12 ವೋಲ್ಟಿನಲ್ಲಿ ಸುಮಾರು ಅರ್ಧ ಅಲ್ಲಿಯೇ ಕರಗುತ್ತದೆ. ಆದುದರಿಂದ ಮೋಟಾರಿನ ಪ್ಲಗ್ಗು ಹಾಕಿ, ಪ್ರವಾಹ ಕೊಟ್ಟ ಹಾಗೆಯೇ, ಮೋಟಾರಿನ ಅರ್ತ್ ವೈರಿಗೂ ಬ್ಯಾಟರಿಯ ಋಣ ತುದಿಗೂ ಮೀಟರು ಹಿಡಿಯಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕಳ್ಳ ಸಿಕ್ಕಿದ. ಬೋಲ್ಟು ಬಿಚ್ಚಿ, ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ತಿಕ್ಕಿ, ಬಿಗಿಯಾಗಿ ಕೂಡಿಸಿದರಾಯಿತು.

ರಸ್ತೆಬದಿಯಲ್ಲಿ ಇದಾವುದನ್ನೂ ಮಾಡದೆ ಚಾಲಕನ ಕೈಗೊಂದು ಸ್ವಿಚ್ಚು ಎಳೆದುಕೊಡುವ ಜಾಣತನವೂ ಉಂಟು. ಊರು ಮುಟ್ಟಲು ಅದು ಒದಗೀತು. ಆದರೆ ಆರಿಸಲು ಮರೆತ ರಾತ್ರಿ ಬ್ಯಾಟರಿ ಖಾಲಿ. ಹಾಕಲು ಮರೆತ ಹಗಲು ಇಂಜಿನ್ನು ಖಾಲಿ.

ರಿಪೇರಿಯಾದೊಡನೆ ಹೊರಟುಬಿಡಬಾರದು. ಏಸಿ ಆರಿಸಿ, ನೆರಳಿನಲ್ಲಿ ನಿಲ್ಲಿಸಿ, ಇಂಜಿನ್ನನ್ನು ಓಡಲು ಬಿಡಬೇಕು. ಮುಳ್ಳು ನಡುವಿಗೆ ಬಂದು ಕೆಲಹೊತ್ತಿಗೆ ಫ್ಯಾನು ತಾನಾಗಿ ಎದ್ದು, ಕಾವಿಳಿದ ಮೇಲೆ ತಾನಾಗಿ ನಿಲ್ಲಬೇಕು. ಎರಡು ಸಲ ಹಾಗಾಗುವವರೆಗೆ ಕಾಯುವುದು ಲೇಸು. ಅಷ್ಟರಲ್ಲಿ ಚಾಲಕ ತಟ್ಟೆ ಇಡ್ಲಿಯನ್ನೂ ಮುಗಿಸಿರುತ್ತಾನೆ.