ಕೈ ಸೋತ ಕಾಲಕ್ಕೆ ಯಾವ ವಿಮೆ?

ನಾವು ದುಡಿಯುವ ಹೆಂಗಸರು. ಚಿಕ್ಕಂದಿನಿಂದ ದುಡಿದಿದ್ದೇವೆ. ಹಿಪ್ಪುನೇರಳೆ ಸೊಪ್ಪು ಕೊಯ್ದಿದ್ದೇವೆ. ಹುಳುವಿಗೆ ಹಗಲೂ ರಾತ್ರಿ ಸೊಪ್ಪು ಹಾಕಿದ್ದೇವೆ. ಬಿಸಿನೀರಿನಲ್ಲಿ ಕೈಯಿಟ್ಟು ಗೂಡಿನಿಂದ ನೂಲು ತೆಗೆದಿದ್ದೇವೆ. ಹಸು ಕಟ್ಟಿ ಡೇರಿಗೆ ಹಾಲು ಹಾಕಿದ್ದೇವೆ. ಮೇಲೂರಿನಲ್ಲಿ, ಶಿಡ್ಲಘಟ್ಟ ತಾಲ್ಲೂಕಿನ ಊರೂರಿನಲ್ಲಿ ಇದೇ ನಮ್ಮ ಬದುಕು.

ಸರ್ಕಾರಿ ನೌಕರರಿಗೆ 60 ವರ್ಷಕ್ಕೆ ನಿವೃತ್ತಿ. ನಮಗೆ ನಿವೃತ್ತಿ ಯಾವಾಗ? ಮಂಡಿ ಹಿಡಿದುಕೊಂಡ ದಿನ. ಕಣ್ಣಿಗೆ ಪೊರೆ ಬಂದ ದಿನ. ಅಂದಿಗೆ ಕೂಲಿ ನಿಲ್ಲುತ್ತದೆ. ಆಸ್ಪತ್ರೆ ಖರ್ಚು ಮಾತ್ರ ಶುರುವಾಗುತ್ತದೆ. ಆಗ ಏನು ಮಾಡ್ತೀವಿ? ಓಲೆ ಅಡ ಇಡ್ತೀವಿ. ಹಸು ಮಾರ್ತೀವಿ. ಬಡ್ಡಿಗೆ ಸಾಲ ತರ್ತೀವಿ.

ಹೀಗಾಗದಿರಲಿ ಅಂತ ಆರೋಗ್ಯ ವಿಮೆ ಇದೆ. ಆದರೆ ವಿಮೆ ಒಂದಲ್ಲ, ಹತ್ತಾರು. ಯಾವುದು ನಮಗೆ ಬೇಕು? ಯಾವುದು ಬೇಡ? ಬನ್ನಿ, ತಿಳಿಯೋಣ.

ವಿಮೆ ಎಂದರೇನು?

ಚೀಟಿ ಹಾಕುವುದು ನಮಗೆಲ್ಲ ಗೊತ್ತು. ಹತ್ತು ಜನ ಹಣ ಹಾಕ್ತಾರೆ. ಒಬ್ಬೊಬ್ಬರು ಒಂದೊಂದು ಸಲ ಎತ್ತುತ್ತಾರೆ. ವಿಮೆಯೂ ಹಾಗೇ. ಸಾವಿರಾರು ಜನ ಸ್ವಲ್ಪ ಸ್ವಲ್ಪ ಹಣ ಕಟ್ಟುತ್ತಾರೆ. ಕಾಯಿಲೆ ಬಿದ್ದವರ ಆಸ್ಪತ್ರೆ ಖರ್ಚನ್ನು ಆ ಹಣದಿಂದ ಕೊಡುತ್ತಾರೆ.

ಒಂದು ವ್ಯತ್ಯಾಸ ಇದೆ. ಚೀಟಿಯಲ್ಲಿ ಎಲ್ಲರಿಗೂ ಹಣ ವಾಪಸು ಬರುತ್ತದೆ. ಆರೋಗ್ಯ ವಿಮೆಯಲ್ಲಿ ಕಾಯಿಲೆ ಬಾರದಿದ್ದರೆ ಕಟ್ಟಿದ ಹಣ ವಾಪಸು ಬರುವುದಿಲ್ಲ. ಅದು ನಷ್ಟ ಅಲ್ಲ. ಆ ವರ್ಷ ನಾವು ಚೆನ್ನಾಗಿದ್ದೆವು ಅಂತ ಅರ್ಥ.

ವರ್ಷಕ್ಕೆ ನಾವು ಕಟ್ಟುವ ಹಣಕ್ಕೆ ಕಂತು ಎನ್ನುತ್ತಾರೆ. ಪ್ರೀಮಿಯಂ ಅಂತಲೂ ಹೇಳ್ತಾರೆ.

ಮೊದಲು ಮನೆಯಲ್ಲಿ ಏನಿದೆ ನೋಡೋಣ

ಹೊಸ ಸೀರೆ ತರುವ ಮುಂಚೆ ಪೆಟ್ಟಿಗೆ ತೆಗೆದು ನೋಡುತ್ತೇವೆ. ವಿಮೆಗೂ ಹಾಗೇ ಮಾಡಬೇಕು.

ನಮ್ಮ ರಾಜ್ಯದಲ್ಲಿ 2018ರಲ್ಲಿ ಆರೋಗ್ಯ ಕರ್ನಾಟಕ ಯೋಜನೆ ಬಂತು. ಅದೇ ವರ್ಷ ಅದನ್ನು ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿಸಿದರು. ಇದಕ್ಕೆ ನಾವು ಕಂತು ಕಟ್ಟಬೇಕಾಗಿಲ್ಲ. ರೇಷನ್ ಕಾರ್ಡ್ ಮತ್ತು ಆಧಾರ್ ಕಾರ್ಡ್ ಬೇಕು.

ಬಿಪಿಎಲ್ ಕಾರ್ಡಿನ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಇದು ಒಬ್ಬೊಬ್ಬರಿಗೆ ಅಲ್ಲ. ಇಡೀ ಮನೆಗೆ ಸೇರಿ 5 ಲಕ್ಷ. ಎಪಿಎಲ್ ಮನೆಯವರಿಗೆ ಸರ್ಕಾರ ನಿಗದಿ ಮಾಡಿದ ದರದಲ್ಲಿ 100ಕ್ಕೆ 30 ರೂಪಾಯಿ ಮಾತ್ರ ಕೊಡುತ್ತದೆ. ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಉಳಿದದ್ದು ನಾವೇ ಕಟ್ಟಬೇಕು.

ಒಂದು ನಿಯಮ ಮರೆಯಬಾರದು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ವೈದ್ಯರು ಚೀಟಿ ಬರೆದು ಕೊಡುತ್ತಾರೆ. ಆ ಚೀಟಿ ಹಿಡಿದು ಯೋಜನೆಗೆ ಸೇರಿದ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಚೀಟಿ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದರೆ ತೊಂದರೆ ಆಗಬಹುದು. ಹೃದಯಾಘಾತದಂಥ ತುರ್ತು ಕಾಯಿಲೆ ಬಂದರೆ ಮಾತ್ರ ಚೀಟಿಗೆ ಕಾಯಬಾರದು. ತಡಮಾಡದೆ 108ಕ್ಕೆ ಫೋನ್ ಮಾಡಬೇಕು.

ಮನೆಯಲ್ಲಿ 70 ವರ್ಷ ದಾಟಿದ ಅಜ್ಜಿ ತಾತ ಇದ್ದಾರಾ? ಬಡವರು ಉಳ್ಳವರು ಎನ್ನದೆ 70 ದಾಟಿದ ಎಲ್ಲರಿಗೂ 5 ಲಕ್ಷದವರೆಗೆ ಚಿಕಿತ್ಸೆ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಶುರು ಮಾಡಿತು. ಇದರ ಕಾರ್ಡಿಗೆ ವಯ ವಂದನಾ ಕಾರ್ಡ್ ಎಂದು ಹೆಸರು. ಅದನ್ನು ನಮ್ಮ ಕಡೆ ಮಾಡಿಸುವುದು ಹೇಗೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ.

ಮಗನೋ ಮಗಳೋ ದೊಡ್ಡಬಳ್ಳಾಪುರದ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗ್ತಾರಾ? ಅವರ ಸಂಬಳದಲ್ಲಿ ಇ.ಎಸ್.ಐ. ಹಣ ಹಿಡಿಯುತ್ತಾರಾ ಎಂದು ಕೇಳಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇ.ಎಸ್.ಐ. ಇರುತ್ತದೆ. ಮಕ್ಕಳ ದುಡಿಮೆಯನ್ನೇ ನಂಬಿರುವ ತಂದೆ ತಾಯಿಗೂ ಅದರಲ್ಲಿ ಚಿಕಿತ್ಸೆ ಉಂಟು. ಆದರೆ ತಂದೆ ತಾಯಿಯ ಹೆಸರನ್ನು ಬರೆಸಿರಬೇಕು. ಎಷ್ಟೋ ಮನೆಗಳಲ್ಲಿ ಇದನ್ನು ಬರೆಸಿಯೇ ಇರುವುದಿಲ್ಲ.

ಡೇರಿಯಲ್ಲಿ ಸಿಗುವ ವಿಮೆ: ಯಶಸ್ವಿನಿ

ಯಶಸ್ವಿನಿ ಸಹಕಾರ ಸಂಘದ ಸದಸ್ಯರಿಗಾಗಿ ಇರುವ ಯೋಜನೆ. ಇದು 2003ರಲ್ಲಿ ಜಾರಿಗೆ ಬಂತು. ಆಗ ಒಬ್ಬರಿಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ರೂಪಾಯಿ ಇತ್ತು. 2018ರಲ್ಲಿ ನಿಂತುಹೋಯಿತು. 2023ರ ಜನವರಿಯಲ್ಲಿ ಮತ್ತೆ ಶುರುವಾಯಿತು.

ಮತ್ತೆ ಶುರುವಾದಾಗ ಹಳ್ಳಿಯ ಸಂಘದವರಿಗೆ 4 ಜನರ ಮನೆಗೆ ವರ್ಷಕ್ಕೆ 500 ರೂಪಾಯಿ ಎಂದು ಗೊತ್ತು ಮಾಡಿದರು. 4ಕ್ಕಿಂತ ಹೆಚ್ಚು ಜನ ಇದ್ದರೆ ಒಬ್ಬೊಬ್ಬರಿಗೆ 100 ರೂಪಾಯಿ ಹೆಚ್ಚು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರ ಕಂತನ್ನು ಸರ್ಕಾರವೇ ಕಟ್ಟುತ್ತದೆ. ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ.

ಲೆಕ್ಕ ಹಾಕೋಣ. 500 ರೂಪಾಯಿಯನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ ಒಂದೂವರೆ ರೂಪಾಯಿಯೂ ಆಗುವುದಿಲ್ಲ. ಎಲೆ ಅಡಿಕೆಗೆ ಅದಕ್ಕಿಂತ ಹೆಚ್ಚು ಖರ್ಚಾಗುತ್ತದೆ, ಅಲ್ಲವೇ?

ಇಲ್ಲಿ ಮೂರು ಮಾತು ನೆನಪಿರಲಿ.

ಒಂದು, ಸದಸ್ಯರಾಗಿರಬೇಕು. ಹಾಲು ಉತ್ಪಾದಕರ ಸಹಕಾರ ಸಂಘ ಆಗಬಹುದು. ವ್ಯವಸಾಯ ಸೇವಾ ಸಹಕಾರ ಸಂಘ ಆಗಬಹುದು. ಹಾಲು ಕರೆಯುವವಳು ಹೆಂಡತಿ, ಸದಸ್ಯತ್ವ ಗಂಡನ ಹೆಸರಿನಲ್ಲಿ. ಹೀಗೆ ಇರುವುದೇ ಹೆಚ್ಚು. ಹಾಗಿದ್ದರೂ ಮನೆಯವರ ಪಟ್ಟಿಯಲ್ಲಿ ನಮ್ಮ ಹೆಸರು, ಅತ್ತೆಯ ಹೆಸರು ಇದೆಯೇ ಎಂದು ಕಣ್ಣಾರೆ ಓದಿ ನೋಡಬೇಕು.

ಎರಡು, ವರ್ಷವಿಡೀ ಸೇರಲು ಆಗುವುದಿಲ್ಲ. ವರ್ಷಕ್ಕೊಮ್ಮೆ ಕೆಲವು ವಾರ ಮಾತ್ರ ಹೆಸರು ಬರೆದುಕೊಳ್ಳುತ್ತಾರೆ. ಈ ವರ್ಷದ ಕೊನೆಯ ದಿನ ಯಾವುದು, ಕಂತು ಎಷ್ಟು, ವಯಸ್ಸಿನ ಮಿತಿ ಇದೆಯೇ ಎಂದು ಸಂಘದ ಕಾರ್ಯದರ್ಶಿಯನ್ನು ಕೇಳಬೇಕು. ಬೇರೆ ವಿಮೆ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ, ಸೇರಬಹುದೇ ಎಂದು ಕೇಳಬೇಕು. ಹಣ ಕಟ್ಟಿದ ಮೇಲೆ ರಸೀದಿ ಪಡೆಯಬೇಕು.

ಮೂರು, ಎಲ್ಲ ಆಸ್ಪತ್ರೆಯಲ್ಲೂ ಇದು ನಡೆಯುವುದಿಲ್ಲ. ಯೋಜನೆಗೆ ಸೇರಿದ ಆಸ್ಪತ್ರೆಗಳ ಪಟ್ಟಿ ಇದೆ. ಆ ಪಟ್ಟಿಯನ್ನು ಕಾಯಿಲೆ ಬಂದ ಮೇಲೆ ಹುಡುಕಬಾರದು. ಮೊದಲೇ ನೋಡಿಟ್ಟುಕೊಳ್ಳಬೇಕು.

ಕಂಪನಿಯ ವಿಮೆ: ಕೇಳಬೇಕಾದ ಐದು ಪ್ರಶ್ನೆ

ಇಷ್ಟೆಲ್ಲ ನೋಡಿದ ಮೇಲೂ ಸಾಲದು ಅನ್ನಿಸಿದರೆ ಕಂಪನಿಯ ವಿಮೆ ಇದೆ. ಮೊದಲು 65 ವರ್ಷ ದಾಟಿದವರಿಗೆ ಹೊಸ ವಿಮೆ ಸಿಗುವುದು ಕಷ್ಟವಾಗಿತ್ತು. 2024ರ ಏಪ್ರಿಲ್‌ನಿಂದ ನಿಯಮ ಬದಲಾಗಿದೆ. ಯಾವ ವಯಸ್ಸಿನವರಿಗೂ ಕಂಪನಿಗಳು ವಿಮೆ ಕೊಡಬಹುದು. 2025ರ ಸೆಪ್ಟೆಂಬರ್ 22ರಿಂದ, ನಾವಾಗಿ ಕೊಳ್ಳುವ ಆರೋಗ್ಯ ವಿಮೆಯ ಮೇಲೆ ಇದ್ದ 100ಕ್ಕೆ 18 ರೂಪಾಯಿ ಜಿ.ಎಸ್.ಟಿ. ತೆರಿಗೆಯನ್ನೂ ತೆಗೆದಿದ್ದಾರೆ. ಆದರೂ ವಯಸ್ಸಾದವರಿಗೆ ಕಂತು ಸಾವಿರಗಟ್ಟಲೆ ಬರುತ್ತದೆ. ಅದಕ್ಕೇ ಸಹಿ ಹಾಕುವ ಮುಂಚೆ ಐದು ಪ್ರಶ್ನೆ ಕೇಳಬೇಕು.

1. ಈಗಾಗಲೇ ಇರುವ ಕಾಯಿಲೆಗೆ ಎಷ್ಟು ವರ್ಷ ಕಾಯಬೇಕು?
ಸಕ್ಕರೆ ಕಾಯಿಲೆ, ಬಿ.ಪಿ. ಮೊದಲೇ ಇದ್ದರೆ ಕೂಡಲೇ ಅದಕ್ಕೆ ಹಣ ಕೊಡುವುದಿಲ್ಲ. 3 ವರ್ಷದವರೆಗೂ ಕಾಯಿಸಬಹುದು. ಅದಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ. ಕಣ್ಣಿನ ಪೊರೆ, ಮಂಡಿ ಆಪರೇಷನ್‌ಗೂ ಸಾಮಾನ್ಯವಾಗಿ ಕಾಯುವ ಕಾಲ ಇರುತ್ತದೆ.

2. ಆಸ್ಪತ್ರೆ ಬಿಲ್ಲಿನಲ್ಲಿ ನಮ್ಮ ಪಾಲು ಎಷ್ಟು?
ವಯಸ್ಸಾದವರ ವಿಮೆಯಲ್ಲಿ ಹೆಚ್ಚಾಗಿ ಈ ಷರತ್ತು ಇರುತ್ತದೆ. ನಮ್ಮ ಪಾಲು 100ಕ್ಕೆ 20 ಎಂದಿದ್ದರೆ, 1 ಲಕ್ಷದ ಬಿಲ್ಲಿಗೆ 20,000 ರೂಪಾಯಿ ನಾವೇ ಕಟ್ಟಬೇಕು. ಕಂತು ಕಡಿಮೆ ಅಂತ ನಂಬಿ ಹೋದರೆ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ.

3. ರೂಮಿನ ಬಾಡಿಗೆಗೆ ಮಿತಿ ಇದೆಯೇ?
ದಿನಕ್ಕೆ 3,000 ರೂಪಾಯಿ ಮಿತಿ ಇದ್ದು 5,000ದ ರೂಮು ಹಿಡಿದರೆ ಹೆಚ್ಚಿನ ಹಣ ನಮ್ಮ ತಲೆ ಮೇಲೆ. ಕೆಲವು ವಿಮೆಗಳಲ್ಲಿ ಬಾಡಿಗೆಯ ಜೊತೆಗೆ ಇತರ ಖರ್ಚನ್ನೂ ಅದೇ ಲೆಕ್ಕದಲ್ಲಿ ಕಡಿಯುತ್ತಾರೆ.

4. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಣ ಕಟ್ಟದೆ ಚಿಕಿತ್ಸೆ ಸಿಗುತ್ತದೆ?
ಶಿಡ್ಲಘಟ್ಟದಲ್ಲಿ ಇದೆಯೇ? ಚಿಕ್ಕಬಳ್ಳಾಪುರದಲ್ಲಿ ಇದೆಯೇ? ಎಲ್ಲಕ್ಕೂ ಬೆಂಗಳೂರಿಗೇ ಹೋಗಬೇಕೇ? ರಾತ್ರಿ ಹೊತ್ತು ಎದೆ ನೋವು ಬಂದರೆ ಈ ಪ್ರಶ್ನೆಯ ಬೆಲೆ ಗೊತ್ತಾಗುತ್ತದೆ.

5. ಮುಂದಿನ ವರ್ಷ ಕಂತು ಎಷ್ಟಾಗಬಹುದು?
ವಯಸ್ಸು ಏರಿದಂತೆ ಕಂತೂ ಏರುತ್ತದೆ. ಒಂದು ವರ್ಷ ಕಟ್ಟಿ ಮರುವರ್ಷ ಬಿಟ್ಟರೆ ಕಾದ ವರ್ಷಗಳೆಲ್ಲ ವ್ಯರ್ಥ. ವರ್ಷ ವರ್ಷವೂ ಕಟ್ಟಲು ಆಗುವಷ್ಟಕ್ಕೇ ಕೈ ಹಾಕಬೇಕು.

ಇರುವ ಕಾಯಿಲೆಯನ್ನು ಮುಚ್ಚಿಡಬಾರದು. ‘ಸಕ್ಕರೆ ಕಾಯಿಲೆ ಇಲ್ಲ ಅಂತ ಬರೀರಿ’ ಎಂದು ಏಜೆಂಟ್ ಹೇಳಿದರೂ ಒಪ್ಪಬಾರದು. ಆಮೇಲೆ ಅದು ಗೊತ್ತಾದರೆ ಕಂಪನಿ ಹಣ ಕೊಡುವುದಿಲ್ಲ. ಕಂತು ಕಟ್ಟಿದ್ದೂ ಹೋಯಿತು, ಆಸ್ಪತ್ರೆ ಖರ್ಚೂ ಬಂತು ಅನ್ನುವಂತಾಗುತ್ತದೆ.

ಮೇಲಿನ ಖರ್ಚಿಗೆ ಮಾತ್ರ ವಿಮೆ

ಕೆಲವು ಮನೆಗಳಲ್ಲಿ ಮಗನ ಕಂಪನಿಯೇ ತಂದೆ ತಾಯಿಗೂ ವಿಮೆ ಮಾಡಿಸಿರುತ್ತದೆ. ಅದು 3 ಲಕ್ಷದ್ದು ಎಂದುಕೊಳ್ಳೋಣ. ಖರ್ಚು 5 ಲಕ್ಷ ಆದರೆ? ಮೇಲಿನ 2 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಬಹುದು. ಇದಕ್ಕೆ ಟಾಪ್-ಅಪ್ ಎನ್ನುತ್ತಾರೆ. ಪೂರ್ತಿ ವಿಮೆಗಿಂತ ಇದರ ಕಂತು ಕಡಿಮೆ. ಆದರೆ ಮೊದಲ 3 ಲಕ್ಷವನ್ನು ಇದು ಕೊಡುವುದಿಲ್ಲ. ಕೆಳಗಿನ ಮೆಟ್ಟಿಲೇ ಇಲ್ಲದವರು ಇದೊಂದನ್ನೇ ಕೊಂಡರೆ ಸಣ್ಣ ಪುಟ್ಟ ಆಪರೇಷನ್‌ಗೆ ಒಂದು ರೂಪಾಯಿಯೂ ಸಿಗುವುದಿಲ್ಲ.

ಬ್ಯಾಂಕಿನ 20 ರೂಪಾಯಿ ವಿಮೆ

‘ನಮ್ಮ ಪಾಸ್‌ಬುಕ್‌ನಲ್ಲಿ ವರ್ಷಕ್ಕೆ 20 ರೂಪಾಯಿ ಹಿಡೀತಾರೆ. ನಮಗೆ ವಿಮೆ ಇದೆ’ ಎಂದು ಕೆಲವರು ಹೇಳುತ್ತಾರೆ. ಅದು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ. ಅಪಘಾತದಲ್ಲಿ ತೀರಿಕೊಂಡರೆ ಅಥವಾ ಅಂಗ ಊನವಾದರೆ ಹಣ ಬರುತ್ತದೆ. ಪೂರ್ತಿ ಎಂದರೆ 2 ಲಕ್ಷ. 70 ವರ್ಷದವರೆಗೆ ಮಾತ್ರ. ಒಳ್ಳೆಯ ಯೋಜನೆಯೇ. ಆದರೆ ಜ್ವರ, ಆಪರೇಷನ್, ಆಸ್ಪತ್ರೆ ಬಿಲ್ಲು ಇದರಲ್ಲಿ ಬರುವುದಿಲ್ಲ.

ಮೂರು ಮನೆ, ಮೂರು ಲೆಕ್ಕ

ಒಂದು ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದೆ. ಡೇರಿ ಸದಸ್ಯತ್ವ ಇದೆ. ಇವರಿಗೆ ಸರ್ಕಾರದ ಕಾರ್ಡ್ ಮೊದಲ ಆಸರೆ. ಯಶಸ್ವಿನಿ ಎರಡನೆಯ ಆಸರೆ. ಸಾಲ ಮಾಡಿ ಕಂಪನಿ ವಿಮೆ ಕೊಳ್ಳಬೇಕಾಗಿಲ್ಲ.

ಇನ್ನೊಂದು ಮನೆಯಲ್ಲಿ ಎಪಿಎಲ್ ಕಾರ್ಡ್. ಸರ್ಕಾರದ ದರ 1 ಲಕ್ಷ ಇರುವ ಆಪರೇಷನ್ ಆದರೆ ಸರ್ಕಾರದಿಂದ 30,000 ಬರುತ್ತದೆ. 70,000 ಕೈಯಿಂದ ಹೋಗುತ್ತದೆ. ಇವರು ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿಯನ್ನು ಬಿಡಲೇಬಾರದು.

ಮೂರನೆಯ ಮನೆಯಲ್ಲಿ ಎಪಿಎಲ್ ಕಾರ್ಡ್, ಸಂಘದ ಸದಸ್ಯತ್ವ ಇಲ್ಲ, ಮಕ್ಕಳ ಇ.ಎಸ್.ಐ. ಕೂಡ ಇಲ್ಲ. ಕಂಪನಿ ವಿಮೆಯ ಬಗ್ಗೆ ಯೋಚಿಸಬೇಕಾದವರು ಇವರು. ಐದು ಪ್ರಶ್ನೆ ಕೇಳಿ, ಎರಡು ಮೂರು ಕಂಪನಿಗಳ ಉತ್ತರ ಪಕ್ಕಪಕ್ಕ ಬರೆದುಕೊಂಡು ಆರಿಸಬೇಕು.

ಕನ್ನಡದಲ್ಲಿ ಕೇಳೋದು ನಮ್ಮ ಹಕ್ಕು

ವಿಮೆಯ ಕಾಗದ ಇಂಗ್ಲಿಷಿನಲ್ಲಿ ಇರುತ್ತದೆ. ಅಕ್ಷರವೂ ಸಣ್ಣದು. ಅದನ್ನು ನೋಡಿ ಹೆದರಬೇಡಿ. ವಿಮೆಯ ಮುಖ್ಯ ವಿಷಯಗಳನ್ನು ಸರಳವಾಗಿ ಬರೆದ ಒಂದು ಮಾಹಿತಿ ಹಾಳೆಯನ್ನು ಕಂಪನಿ ಕೊಡಲೇಬೇಕು. ನಾವು ಕೇಳಿದರೆ ಅದನ್ನು ನಮ್ಮ ಭಾಷೆಯಲ್ಲೇ ಕೊಡಬೇಕು. 2024ರಿಂದ ಇದು ನಿಯಮ.

ಕಾಗದ ಕೈಗೆ ಬಂದ ಮೇಲೆ 30 ದಿನ ಸಮಯ ಇರುತ್ತದೆ. ಓದಿ ನೋಡಿ, ಹೇಳಿದ್ದೇ ಒಂದು, ಬರೆದದ್ದೇ ಒಂದು ಅನ್ನಿಸಿದರೆ ವಿಮೆಯನ್ನು ವಾಪಸು ಕೊಡಬಹುದು. ಸ್ವಲ್ಪ ಖರ್ಚು ಹಿಡಿದು ಉಳಿದ ಹಣ ಕೊಡುತ್ತಾರೆ. ಕಂಪನಿ ಮೋಸ ಮಾಡಿದರೆ ವಿಮಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಅದರ ಫೋನ್ ಸಂಖ್ಯೆ 155255. ಸರ್ಕಾರದ ಆರೋಗ್ಯ ಸಹಾಯವಾಣಿ 104.

ನೆನಪಿಡಿ

• ಇರುವ ಕಾರ್ಡನ್ನು ಮೊದಲು ನೋಡಿ. ಆಮೇಲೆ ಹೊಸದನ್ನು ಕೊಳ್ಳಿ.
• ಕಂತು ಕಡಿಮೆ ಇರುವುದೆಲ್ಲ ಅಗ್ಗದ ವಿಮೆ ಅಲ್ಲ. ಕಷ್ಟಕ್ಕೆ ಹಣ ಕೊಡುವುದೇ ಅಗ್ಗದ ವಿಮೆ.
• ಕಾಯಿಲೆ ಮುಚ್ಚಿಡಬೇಡಿ. ರಸೀದಿ ಬಿಡಬೇಡಿ.
• ಕಾರ್ಡು, ರಸೀದಿ, ಆಸ್ಪತ್ರೆ ಚೀಟಿ ಎಲ್ಲವನ್ನೂ ಒಂದೇ ಚೀಲದಲ್ಲಿ ಇಡಿ. ಚೀಲ ಎಲ್ಲಿದೆ ಅಂತ ಮನೆಯವರಿಗೆಲ್ಲ ಗೊತ್ತಿರಲಿ.

ಮಾಡಿ ನೋಡಿ

ಈ ವಾರ ಸಂಘದ ಸಭೆಗೆ ಎಲ್ಲರೂ ರೇಷನ್ ಕಾರ್ಡ್ ತನ್ನಿ. ಬಿಪಿಎಲ್ ಎಷ್ಟು, ಎಪಿಎಲ್ ಎಷ್ಟು ಎಂದು ಓದಿ ಪಟ್ಟಿ ಮಾಡಿ. ಯಾರ ಮನೆಯಲ್ಲಿ ಹಿರಿಯರ ಹೆಸರು ಬಿಟ್ಟುಹೋಗಿದೆ, ನೋಡಿ ಬರೆಯಿರಿ. ಡೇರಿಯ ಕಾರ್ಯದರ್ಶಿಗೆ ಕೇಳಬೇಕಾದ ಪ್ರಶ್ನೆಗಳನ್ನು ನಿಮ್ಮ ಕೈಯಲ್ಲೇ ಬರೆದುಕೊಳ್ಳಿ. ಇಬ್ಬರು ಹೋಗಿ ಕೇಳಿ ಬನ್ನಿ. ಬಂದು ಉಳಿದವರಿಗೆ ಓದಿ ಹೇಳಿ.

ಹೆಬ್ಬೆಟ್ಟು ಒತ್ತುವ ಕಾಲದಲ್ಲಿ ಯಾರೋ ಹೇಳಿದ ಕಡೆ ಒತ್ತುತ್ತಿದ್ದೆವು. ಈಗ ಓದಲು ಕಲಿತಿದ್ದೇವೆ. ಓದದೆ ಸಹಿ ಹಾಕೋದು ಬೇಡ.